ಮೂಗು ಒಣಗಿತು, ರೋಗ ಹೋಗಲಿಲ್ಲ: ಸಾಕುಮೊಲದ ಉಸಿರಾಟದ ಸೋಂಕಿನ ಒಂದು ಪ್ರಕರಣ

ಮೂರೂವರೆ ವರ್ಷದ ಹೆಣ್ಣು ಮೊಲ. ಬಿಳಿ ಮೈ, ಕೆಂಪು ಕಣ್ಣು, ಗರ್ಭಕೋಶ ತೆಗೆಸಿಲ್ಲ. ಸಾಕಿದ್ದು ಬೆಂಗಳೂರಿನ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ, ಅಡುಗೆಮನೆ ಹಿಂದಿನ ಯುಟಿಲಿಟಿಯಲ್ಲಿ. ಒಂದು ಪಕ್ಕ ವಾಷಿಂಗ್ ಮಷೀನು, ಇನ್ನೊಂದು ಪಕ್ಕ ತಂತಿಯ ಪಂಜರ. ಜೂನ್ ಮಳೆ ಶುರುವಾದಾಗ ಎರಚಲು ಹೊಡೆಯದಿರಲೆಂದು ಗ್ರಿಲ್‌ಗೆ ಪೂರ್ತಿ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದರು. ಎರಡು ವಾರ ಕಳೆದ ಮೇಲೆ ಸೀನು ಶುರು. ಮೊದಲು ನೀರು ಸಿಂಬಳ, ನಾಲ್ಕೈದು ದಿನಕ್ಕೆ ಬೆಳ್ಳಗೆ ಗಟ್ಟಿ. ಬಲಗಣ್ಣಲ್ಲಿ ನೀರು.

ಮೊಲವೂ ಮನೆಯೂ ಮಾದರಿ. ಮಳೆಗಾಲದಲ್ಲಿ ಪಶುವೈದ್ಯರ ಮೇಜಿಗೆ ಮತ್ತೆ ಮತ್ತೆ ಬರುವ ಇಂಥ ಪ್ರಕರಣಗಳನ್ನು ಒಂದರಲ್ಲಿ ಸೇರಿಸಿ ಬರೆದಿದ್ದೇವೆ. ಔಷಧದ ಪ್ರಮಾಣಗಳು ಮೊಲದ ಚಿಕಿತ್ಸೆಯಲ್ಲಿ ಬಳಕೆಯಲ್ಲಿರುವವೇ, ಆದರೆ ಇಲ್ಲಿನ ಲೆಕ್ಕ 1.6 ಕಿಲೋ ತೂಕದ ಈ ಮೊಲದ್ದು. ನಿಮ್ಮ ಮೊಲದ ಲೆಕ್ಕವನ್ನು ಅದನ್ನು ಮುಟ್ಟಿ ನೋಡಿದ ವೈದ್ಯರೇ ಹಾಕಬೇಕು.

ವೈದ್ಯರಲ್ಲಿಗೆ ಬರುವ ಮೊದಲು ಮನೆಯಲ್ಲಿ ಎರಡು ಕೆಲಸ ನಡೆದಿತ್ತು. ಕರ್ಪೂರ, ನೀಲಗಿರಿ ಎಣ್ಣೆ ಬೆರೆತ ಮುಲಾಮನ್ನು ಬಿಸಿನೀರಿಗೆ ಹಾಕಿ ಮೊಲಕ್ಕೆ ಹಬೆ ಕೊಟ್ಟಿದ್ದರು. ಮಗುವಿಗೆಂದು ತಂದು ಮಿಕ್ಕಿದ್ದ ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಸಿರಪ್ಪನ್ನೂ ಎರಡು ಸಲ ಕುಡಿಸಿದ್ದರು. ಹಬೆಯಿಂದ ಆಗುವುದು ಉರಿ ಮತ್ತು ಗಾಬರಿ. ಮೊಲ ಬೆವರುವುದಿಲ್ಲ, ಮೈಯ ಬಿಸಿ ಹೊರಹಾಕಲು ಅದಕ್ಕಿರುವ ದೊಡ್ಡ ದಾರಿ ಕಿವಿ. ಬಿಸಿ ಹಬೆಯಲ್ಲಿ ಮೈಬಿಸಿ ಏರುತ್ತಲೇ ಹೋಗುತ್ತದೆ. ಸಿರಪ್ಪು ಅದಕ್ಕಿಂತ ಅಪಾಯ. ಮೊಲ ತಿಂದ ನಾರು ಹುದುಗುವುದು ಸೀಕಮ್ ಎಂಬ ದೊಡ್ಡ ಚೀಲದಂಥ ಕರುಳಿನಲ್ಲಿ, ಅಲ್ಲಿನ ಒಳ್ಳೆಯ ಸೂಕ್ಷ್ಮಜೀವಿಗಳಿಂದ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೊಮೈಸಿನ್, ಸೆಫಲೆಕ್ಸಿನ್ ಈ ಆ್ಯಂಟಿಬಯೋಟಿಕ್‌ಗಳು ಬಾಯಿಯ ಮೂಲಕ ಹೋದರೆ ಆ ಜೀವಿಗಳು ಸಾಯುತ್ತವೆ, ಕ್ಲಾಸ್ಟ್ರಿಡಿಯಂ ಗುಂಪಿನ ಕೆಟ್ಟ ಬ್ಯಾಕ್ಟೀರಿಯಾಗಳು ಹೆಚ್ಚಿ ವಿಷ ಬಿಡುತ್ತವೆ. ಭೇದಿಯಾಗಿ ಮೈ ತಣ್ಣಗಾದರೆ ಒಂದೆರಡು ದಿನದಲ್ಲೇ ಸಾವು. ನಾಯಿಗೆ, ಬೆಕ್ಕಿಗೆ, ಮಕ್ಕಳಿಗೆ ನಿರಪಾಯವಾದ ಔಷಧ ಎಂಬುದೇ ಇಲ್ಲಿ ಮೋಸ ಮಾಡುತ್ತದೆ. ಈ ಮೊಲಕ್ಕೆ ಎರಡೇ ಸಲ ಹೋಗಿತ್ತು; ಹಿಕ್ಕೆ ಒಂದು ದಿನ ಮೆತ್ತಗಾಗಿ ಸುಧಾರಿಸಿತು. ಅದೃಷ್ಟ. (ಪೆನಿಸಿಲಿನ್ ಅನ್ನು ಚರ್ಮದಡಿ ಚುಚ್ಚುವುದು ಬೇರೆ ಮಾತು, ಮೊಲಕ್ಕೆ ಅದನ್ನು ವೈದ್ಯರು ಬಳಸುತ್ತಾರೆ. ಹೆಸರು ಕೇಳಿದ ಕೂಡಲೇ ಜಗಳಕ್ಕೆ ಇಳಿಯಬೇಡಿ.)

ಮೊದಲ ಭೇಟಿ

ತೂಕ 1.6 ಕಿಲೋ. ಎರಡು ತಿಂಗಳ ಹಿಂದೆ ಉಗುರು ಕತ್ತರಿಸಲು ಬಂದಾಗ 1.72 ಇತ್ತು. ಮೈಬಿಸಿ 39.4 ಡಿಗ್ರಿ ಸೆಲ್ಸಿಯಸ್, ಅಂದರೆ 102.9 ಫ್ಯಾರನ್‌ಹೀಟ್. ಮೊಲಕ್ಕೆ ಇದು ಜ್ವರವಲ್ಲ, 38.5ರಿಂದ 40ರವರೆಗೆ ಸಹಜ. ಉಸಿರು ನಿಮಿಷಕ್ಕೆ 64. ವಿಶ್ರಾಂತಿಯಲ್ಲಿ 30ರಿಂದ 60 ಇರಬೇಕು, ಹೊಸ ಜಾಗದ ಹೆದರಿಕೆಗೆ ಒಂದಿಷ್ಟು ಏರುತ್ತದೆ. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಗೊರಗೊರ ಕೇಳಿಸಿತು, ಮೂಗಿನ ಹತ್ತಿರ ಇಟ್ಟಾಗ ಅದೇ ಸದ್ದು ಇನ್ನೂ ಜೋರು. ಸದ್ದಿನ ಮೂಲ ಮೇಲೆ, ಶ್ವಾಸಕೋಶದಲ್ಲಿ ಅಲ್ಲ ಎಂದು ಅರ್ಥ.

ಮುಂಗಾಲುಗಳನ್ನು ತಿರುಗಿಸಿ ಒಳಬದಿ ನೋಡಿದರೆ ಕೂದಲು ಗಂಜಿ ಹಾಕಿದ ಬಟ್ಟೆಯ ಹಾಗೆ ಗಡುಸಾಗಿ ಗಂಟುಗಂಟಾಗಿತ್ತು. ಮೊಲ ಮೂಗನ್ನು ಮುಂಗಾಲಿಂದ ಒರೆಸಿಕೊಳ್ಳುತ್ತದೆ. ಮೂಗು ಶುಭ್ರವಾಗಿ ಕಂಡರೂ ಕಾಲು ಸುಳ್ಳು ಹೇಳುವುದಿಲ್ಲ. ಸೀನು ಕೇಳಿಸದ ಮನೆಯಲ್ಲೂ ವಾರಕ್ಕೊಮ್ಮೆ ಈ ಜಾಗ ನೋಡಬೇಕು.

ಕೊಟ್ಟದ್ದು ಎನ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್, ಕಿಲೋಗೆ 10 ಮಿ.ಗ್ರಾಂ ಲೆಕ್ಕದಲ್ಲಿ 16 ಮಿ.ಗ್ರಾಂ, ದಿನಕ್ಕೆ ಎರಡು ಸಲ, ಎರಡು ವಾರ. ಜೊತೆಗೆ ನೋವು, ಉರಿಯೂತ ತಗ್ಗಿಸುವ ಮೆಲಾಕ್ಸಿಕ್ಯಾಮ್ ಮೂರು ದಿನ. ಒಂಬತ್ತನೇ ದಿನ ಫೋನು ಬಂತು: ‘ಡಾಕ್ಟ್ರೇ, ಮೂಗು ಪೂರ್ತಿ ಒಣಗಿದೆ, ಔಷಧಿ ನಿಲ್ಲಿಸಬಹುದಾ?’ ‘ಬೇಡಮ್ಮ, ಹದಿನಾಲ್ಕು ದಿನ ಮುಗಿಸಿ’ ಎಂದರೂ, ಔಷಧ ಕಹಿ, ಹಿಡಿದುಕೊಂಡರೆ ಮೊಲ ಒದೆಯುತ್ತದೆ. ಹತ್ತನೇ ದಿನಕ್ಕೆ ನಿಂತಿತು. ಮೂರನೇ ವಾರ ತುಂಬುವ ಮೊದಲೇ ಸೀನು ಮರಳಿತು, ಈ ಸಲ ಬಲಗಣ್ಣಲ್ಲಿ ಕೀವಿನ ಜೊತೆಗೆ.

ಔಷಧ ಸೋತಿತೋ, ಬೇರೇನೋ?

‘ಆ ಮಾತ್ರೆ ಕೆಲಸ ಮಾಡಲಿಲ್ಲ, ಬೇರೆ ಬರೆದುಕೊಡಿ’ ಎಂಬುದು ಇಲ್ಲಿ ಸಹಜ ಬೇಡಿಕೆ. ಹಾಗೆ ಬರೆದುಕೊಟ್ಟಿದ್ದರೆ ಈ ಪ್ರಕರಣ ಮೂರನೇ ಸುತ್ತಿಗೆ ಹೋಗುತ್ತಿತ್ತು. ಔಷಧ ನಿಂತು ಹೇಗೂ ಹತ್ತು ದಿನ ದಾಟಿತ್ತು. ಸ್ವಾಬ್ (ಪರೀಕ್ಷೆಗೆ ಸಿಂಬಳ ಒರೆಸಿ ತೆಗೆಯುವ ಹತ್ತಿಯ ಕಡ್ಡಿ) ತೆಗೆಯಲು ಅದೇ ಸರಿಯಾದ ಸಮಯ. ಹೊಳ್ಳೆಯ ಬಾಯಲ್ಲಿ ಒರೆಸಿದ ಸ್ವಾಬ್‌ನಲ್ಲಿ ಬೆಳೆಯುವುದು ಮೂಗಿನ ತುದಿಯ ಕಸ ಅಷ್ಟೆ. ಮಂಪರು ಕೊಟ್ಟು, ತೆಳು ತುದಿಯ ಸ್ವಾಬನ್ನು ಮೂಗಿನ ನಡುಗೋಡೆಗೆ ತಾಗಿಸಿಕೊಂಡು 2–3 ಸೆಂ.ಮೀ. ಒಳಗೆ ಇಳಿಸಬೇಕು. ಅದೇ ಮಂಪರಿನಲ್ಲಿ ತಲೆಯದೂ ಎದೆಯದೂ ಎಕ್ಸ್‌ರೇ, ದವಡೆ ಹಲ್ಲಿನ ಪರೀಕ್ಷೆ.

ಹಿಂದಿನ ರಾತ್ರಿಯಿಂದ ಉಪವಾಸ ಕೆಡವಿ ತರಬೇಡಿ ಎಂದು ಮೊದಲೇ ಹೇಳಬೇಕಾಯಿತು. ನಾಯಿಗೆ ಹೊಟ್ಟೆ ಖಾಲಿ ಇರಿಸುವುದು ಅದು ವಾಂತಿ ಮಾಡಿಕೊಳ್ಳುತ್ತದೆಂದು. ಮೊಲಕ್ಕೆ ವಾಂತಿ ಮಾಡಲು ಆಗುವುದೇ ಇಲ್ಲ. ಉಪವಾಸ ಬಿದ್ದರೆ ಅದರ ಕರುಳೇ ನಿಂತುಹೋಗುತ್ತದೆ.

ಹಲ್ಲು ನೋಡಿದ್ದೇಕೆ ಎಂದರೆ, ಮೊಲದ ಹಲ್ಲು ಜೀವನಪೂರ್ತಿ ಬೆಳೆಯುತ್ತದೆ, ಮೇಲಿನ ಹಲ್ಲುಗಳ ಬೇರು ಕಣ್ಣೀರಿನ ನಾಳಕ್ಕೆ ಅಂಟಿಕೊಂಡಂತಿರುತ್ತದೆ. ಬೇರು ಹಿಂದಕ್ಕೆ ಬೆಳೆದು ನಾಳವನ್ನು ಒತ್ತಿದರೆ ಕಣ್ಣಲ್ಲಿ ನೀರು, ಮೂಗಲ್ಲಿ ಕೀವು. ಎಷ್ಟು ಆ್ಯಂಟಿಬಯೋಟಿಕ್ ಕೊಟ್ಟರೂ ಹೋಗದ ‘ಶೀತ’. ಇದರ ಬೇರುಗಳು ಸರಿಯಾಗಿದ್ದವು. ಎದೆಯ ಎಕ್ಸ್‌ರೇಗೆ ಎರಡು ಕಾರಣ. ಒಂದು, ಮೊಲ ಶ್ವಾಸಕೋಶದ ಸೋಂಕನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಇನ್ನೊಂದು, ಗರ್ಭಕೋಶ ತೆಗೆಸದ ಹೆಣ್ಣು ಮೊಲಕ್ಕೆ ಮೂರು ವರ್ಷ ದಾಟಿದ ಮೇಲೆ ಗರ್ಭಕೋಶದ ಕ್ಯಾನ್ಸರ್ ಬರುವುದು ಅಪರೂಪವಲ್ಲ, ಅದು ಹರಡುವುದು ಶ್ವಾಸಕೋಶಕ್ಕೆ. ಎದೆ ಶುಭ್ರವಾಗಿತ್ತು. ಮೂಗಿನ ಬಲಗೂಡು ಮಾತ್ರ ಮಸುಕು.

ಐದನೇ ದಿನ ಕಲ್ಚರ್ (ಸ್ವಾಬಿನ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಗುರುತಿಸುವುದು) ವರದಿ: ಪಾಶ್ಚರೆಲ್ಲಾ ಮಲ್ಟೋಸಿಡಾ ಎಂಬ ಬ್ಯಾಕ್ಟೀರಿಯಾ. ಎನ್ರೊಫ್ಲಾಕ್ಸಾಸಿನ್‌ಗೆ ಬಗ್ಗುತ್ತದೆ. ಅಂದರೆ ಸೋತಿತೆಂದುಕೊಂಡ ಅದೇ ಮಾತ್ರೆಗೆ.

ಈ ಬ್ಯಾಕ್ಟೀರಿಯಾ ನಮ್ಮ ರೈತರಿಗೆ ಹೊಸದಲ್ಲ. ದನ, ಎಮ್ಮೆಗಳಿಗೆ ಮಳೆಗಾಲದಲ್ಲಿ ಬರುವ ಗಳಲೆ ರೋಗ ಇದರದ್ದೇ ಇನ್ನೊಂದು ತಳಿಯದು. ಲೂಯಿ ಪಾಶ್ಚರ್ 1880ರ ಸುಮಾರಿಗೆ ಕೋಳಿ ಕಾಲರಾ ಮೇಲೆ ಕೆಲಸ ಮಾಡುವಾಗ ಬೆಳೆಸಿದ್ದೂ ಇದನ್ನೇ, ಹೆಸರು ಬಂದದ್ದು ಅವರಿಂದ. ಹಾಗಾದರೆ ಗಳಲೆ ಲಸಿಕೆಯನ್ನೇ ಮೊಲಕ್ಕೂ ಹಾಕಿಸಬಹುದಲ್ಲ ಎಂದು ಊರ ಕಡೆಯವರು ಕೇಳುವುದುಂಟು. ಬೇಡ, ಅದು ದನದ ತಳಿಗೆ ಮಾಡಿದ ಲಸಿಕೆ. ಮೊಲಗಳಲ್ಲಿ ಬಹಳಷ್ಟು ಈ ಬ್ಯಾಕ್ಟೀರಿಯಾವನ್ನು ಮರಿಯಾಗಿದ್ದಾಗ ತಾಯಿಯಿಂದಲೇ ಪಡೆದು, ರೋಗವಿಲ್ಲದೆ ಮೂಗಿನಲ್ಲಿಟ್ಟುಕೊಂಡು ಬದುಕುತ್ತವೆ. ಪ್ರಶ್ನೆ ಅದು ಎಲ್ಲಿಂದ ಬಂತು ಎಂಬುದಲ್ಲ, ಮೂರೂವರೆ ವರ್ಷ ಸುಮ್ಮನಿದ್ದದ್ದು ಈಗೇಕೆ ಎದ್ದಿತು ಎಂಬುದು.

ಯುಟಿಲಿಟಿಯ ಗಾಳಿ

ಪಂಜರದ ಜಾಗದ್ದೊಂದು ವಿಡಿಯೊ ಮಾಡಿ ಕಳುಹಿಸಲು ಕೇಳಿದಾಗ ಉತ್ತರ ಸಿಕ್ಕಿತು. ಪ್ಲಾಸ್ಟಿಕ್ ಹಾಳೆ ಗ್ರಿಲ್ಲನ್ನು ನಾಲ್ಕೂ ಕಡೆ ಬಿಗಿದಿದೆ. ಟ್ರೇಯಲ್ಲಿ ಸಾಮಿಲ್ಲಿನಿಂದ ತಂದ ಮರದ ಹೊಟ್ಟು, ಬದಲಿಸುವುದು ನಾಲ್ಕು ದಿನಕ್ಕೊಮ್ಮೆ. ತಿನ್ನಲು ಕಟ್ಟಿದ್ದ ಒಣ ಹುಲ್ಲು ಕೊಡವಿದರೆ ಬಿಸಿಲಲ್ಲಿ ಧೂಳು ಕಾಣುತ್ತದೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ಊದುವುದು ನೇರ ಯುಟಿಲಿಟಿಗೆ: ಒಗ್ಗರಣೆಯ ಘಾಟು, ಬ್ಯಾಡಗಿ ಮೆಣಸಿನಕಾಯಿ ಹುರಿದ ದಿನವಂತೂ ಮನುಷ್ಯರೇ ಕೆಮ್ಮುವಂಥದ್ದು. ನೆಲಕ್ಕೆ ಫಿನಾಯಿಲ್. ಸಂಜೆ ಸೊಳ್ಳೆಬತ್ತಿ.

ಇವೆಲ್ಲದರಲ್ಲಿ ಮುಖ್ಯ ಅಪರಾಧಿ ಅಮೋನಿಯ. ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಅದು ಹುಟ್ಟುತ್ತದೆ. ಹಾಗೆ ಒಡೆಯಲು ತಾಸುಗಳು ಬೇಕು, ತೇವ ಬೇಕು, ಬೆಚ್ಚಗಿರಬೇಕು. ನಾಲ್ಕು ದಿನದ ಒದ್ದೆ ಹೊಟ್ಟು, ಮಳೆಗಾಲ, ಗಾಳಿಯಾಡದ ಮೂಲೆ, ಮೂರೂ ಇಲ್ಲಿ ಕೂಡಿದ್ದವು. ಮೂಗಿನ ಒಳಪದರದ ಸೂಕ್ಷ್ಮ ರೋಮಗಳು ಸಿಂಬಳವನ್ನೂ ಅದಕ್ಕೆ ಅಂಟಿದ ಬ್ಯಾಕ್ಟೀರಿಯಾವನ್ನೂ ಸದಾ ತಳ್ಳುತ್ತಿರುತ್ತವೆ. ಅಮೋನಿಯ ಆ ರೋಮಗಳನ್ನು ನಿಷ್ಕ್ರಿಯಗೊಳಿಸಿ ಪದರವನ್ನು ಸುಡುತ್ತದೆ, ಪಾಶ್ಚರೆಲ್ಲಾ ಅಲ್ಲೇ ಬೇರೂರುತ್ತದೆ. ಮಾತ್ರೆ ಬ್ಯಾಕ್ಟೀರಿಯಾವನ್ನು ತಗ್ಗಿಸಿದ್ದು ನಿಜ, ಆದರೆ ಸುಟ್ಟ ಪದರ ಸುಟ್ಟೇ ಇತ್ತು. ಮಾತ್ರೆ ನಿಂತಿತು, ಅದು ಎದ್ದಿತು.

‘ನಮಗೆ ವಾಸನೆಯೇ ಬರಲ್ಲ’ ಎಂದು ಮನೆಯವರು ಹೇಳಿದ್ದು ಸುಳ್ಳಲ್ಲ. ದಿನವೂ ಇದ್ದರೆ ಮೂಗು ಒಗ್ಗಿಕೊಳ್ಳುತ್ತದೆ, ಮೇಲಾಗಿ ನಿಂತ ಮನುಷ್ಯನ ಮೂಗು ಟ್ರೇಯಿಂದ ಐದು ಅಡಿ ಮೇಲಿದೆ, ಮೊಲದ್ದು ನಾಲ್ಕು ಬೆರಳು. ಬೆಳಗ್ಗೆ ಕದ ತೆಗೆಯುವ ಮುಂಚೆ ಮೊಣಕಾಲೂರಿ ಟ್ರೇಯ ಮಟ್ಟಕ್ಕೆ ಮುಖ ತಂದು ಉಸಿರೆಳೆದುಕೊಳ್ಳಿ; ಇಲ್ಲವೇ ಮನೆಗೆ ಬಂದ ನೆಂಟರನ್ನು ಕೇಳಿ. ಕಣ್ಣು ಚುರ್ ಎಂದರೆ ಅಲ್ಲಿ ಮೊಲ ಇರಬಾರದು.

ಮಾಡಿದ ಬದಲಾವಣೆ ಹೀಗೆ. ಪಂಜರ ಯುಟಿಲಿಟಿಯಿಂದ ಹಾಲಿನ ಕಿಟಕಿಯ ಪಕ್ಕಕ್ಕೆ ಬಂತು. ಗಾಳಿ ಆಡಬೇಕು, ಆದರೆ ಫ್ಯಾನಿನ ಗಾಳಿ ನೇರ ಹೊಡೆಯಬಾರದು. ಹೊಟ್ಟಿನ ಜಾಗಕ್ಕೆ ನಾಲ್ಕು ಪದರ ಸುದ್ದಿಪತ್ರಿಕೆ, ಮೇಲೆ ಹುಲ್ಲು, ದಿನಕ್ಕೆ ಎರಡು ಸಲ ಬದಲಿ. ಟ್ರೇಯ ತಳಕ್ಕೆ ಕಟ್ಟುವ ಬಿಳಿ ಸುಣ್ಣದಂಥ ಪದರ ಮೊಲದ ಮೂತ್ರದ ಕ್ಯಾಲ್ಸಿಯಂ. ಅದಕ್ಕೆ ವಿನೆಗರ್ ಒಂದು ಪಾಲು, ನೀರು ಒಂದು ಪಾಲು, ಹತ್ತು ನಿಮಿಷ ನೆನೆಸಿ ತಿಕ್ಕಿ ತೊಳೆದು ಒಣಗಿಸುವುದು. ವಿನೆಗರ್ ಜೊತೆ ಬ್ಲೀಚ್ ಎಂದೂ ಬೆರೆಸಬಾರದು, ವಿಷಾನಿಲ ಏಳುತ್ತದೆ. ಧೂಳಿನ ಹುಲ್ಲನ್ನು ಬಾಲ್ಕನಿಯಲ್ಲಿ ಕೊಡವಿ, ನೀರು ಚಿಮುಕಿಸಿ, ಆ ಹೊತ್ತಿಗೆ ಬೇಕಾದಷ್ಟೇ ಕೊಡುವುದು. ಒದ್ದೆ ಹುಲ್ಲು ಮಾರನೇ ದಿನಕ್ಕೆ ಉಳಿದರೆ ಬೂಷ್ಟು. ತೊಳೆದು ನೀರಾರಿಸಿದ ಗರಿಕೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಊದುಬತ್ತಿ, ಸಾಂಬ್ರಾಣಿ, ಸೊಳ್ಳೆಬತ್ತಿ ಆ ಕೋಣೆಯಿಂದ ಹೊರಗೆ. ಸೊಳ್ಳೆಗೆ ಕಿಟಕಿಗೆ ಜಾಲರಿ.

ಎರಡನೇ ಸುತ್ತಿನ ಚಿಕಿತ್ಸೆ

ಅದೇ ಎನ್ರೊಫ್ಲಾಕ್ಸಾಸಿನ್, ಅದೇ ಪ್ರಮಾಣ, ಈ ಸಲ ನಾಲ್ಕು ವಾರ. ಲಕ್ಷಣ ಹೋದ ಮೇಲೂ ಕನಿಷ್ಠ ಒಂದು ವಾರ ಎಂಬ ನಿಯಮದೊಂದಿಗೆ. 50 ಮಿ.ಗ್ರಾಂ ಮಾತ್ರೆಯನ್ನು ಎರಡು ಚಮಚದ ನಡುವೆ ಪುಡಿಮಾಡಿ 5 ಮಿ.ಲೀ. ನೀರಿಗೆ ಬೆರೆಸಿದರೆ ಮಿ.ಲೀ.ಗೆ 10 ಮಿ.ಗ್ರಾಂ, ಒಂದು ಹೊತ್ತಿಗೆ 1.6 ಮಿ.ಲೀ. ಪುಡಿ ಕರಗುವುದಿಲ್ಲ, ತಳಕ್ಕೆ ಕೂರುತ್ತದೆ. ಅಲ್ಲಾಡಿಸದೆ ಎಳೆದರೆ ಬೆಳಗ್ಗೆ ಬರೀ ನೀರು, ಸಂಜೆ ದುಪ್ಪಟ್ಟು ಔಷಧ. ಆಯಾ ದಿನದ್ದು ಆಯಾ ದಿನ ಕಲಸಿ ಮಿಕ್ಕದ್ದು ಚೆಲ್ಲಬೇಕು. ಹಾಲು, ಮೊಸರಿನಲ್ಲಿ ಕೊಡಬಾರದು, ಅವುಗಳ ಕ್ಯಾಲ್ಸಿಯಂ ಈ ಔಷಧವನ್ನು ಹಿಡಿದಿಟ್ಟುಕೊಳ್ಳುತ್ತದೆ. ದೊಡ್ಡ ಮೊಲಕ್ಕೆ ಹಾಲು ಹೇಗೂ ಹೊಂದುವುದಿಲ್ಲ. ಇದೇ ಔಷಧವನ್ನು ಚುಚ್ಚಿಸಿದರೆ ಸುಲಭವಲ್ಲವೇ ಎಂದರೆ, ತೆಳುವಾಗಿಸದೆ ಚರ್ಮದಡಿ ಚುಚ್ಚಿದ ಜಾಗ ಕೊಳೆತು ಹುಣ್ಣಾಗುವುದುಂಟು.

ಕುಡಿಸುವ ರೀತಿಯಲ್ಲೇ ಹೆಚ್ಚಿನ ಮನೆಗಳು ಸೋಲುವುದು. ಟವೆಲನ್ನು ಮೇಜಿನ ಮೇಲೆ ಹರಡಿ, ಮೊಲವನ್ನು ನಡುವೆ ನಾಲ್ಕು ಕಾಲ ಮೇಲೆ ಕೂರಿಸಿ, ಎರಡೂ ಬದಿಯಿಂದ ಸುತ್ತಿ ತಲೆ ಮಾತ್ರ ಹೊರಗೆ ಬಿಡಿ. ಅದರ ಬೆನ್ನ ಹಿಂಭಾಗ ನಿಮ್ಮ ಹೊಟ್ಟೆಗೆ ತಾಗಿರಲಿ, ಹಿಂದೆ ಸರಿಯಲು ಜಾಗ ಇರಕೂಡದು. ಮುಂದಿನ ಬಾಚಿ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲಿಲ್ಲದ ಸಂದು ಇದೆ. ತುಟಿಯ ಪಕ್ಕದಿಂದ ಸಿರಿಂಜ್ ಅಲ್ಲಿಗೆ ಜಾರುತ್ತದೆ. 0.3 ಮಿ.ಲೀ. ಬಿಟ್ಟು, ಅಗಿಯುವುದನ್ನು ನೋಡಿ, ಮತ್ತೆ 0.3. ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಿದರೆ ಔಷಧ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಇಲ್ಲದ ರೋಗ ತಂದುಕೊಂಡಂತೆ.

ನೆಬ್ಯುಲೈಸರ್, ಅಂದರೆ ದ್ರವವನ್ನು ಮಂಜಿನಂಥ ಹನಿಯಾಗಿಸಿ ಉಸಿರಿಗೆ ಕೊಡುವ ಯಂತ್ರ, ದಿನಕ್ಕೆ ಎರಡು ಸಲ. ಮನೆಯಲ್ಲಿ ಮನುಷ್ಯರಿಗಿಡುವ ಕಂಪ್ರೆಸರ್ ಯಂತ್ರವೇ ಸಾಕು. ಮೊಲವನ್ನು ಅದರ ಕ್ಯಾರಿಯರ್‌ನಲ್ಲಿ ಬಿಟ್ಟು, ಕೊಳವೆಯನ್ನು ಜಾಲರಿ ಬಾಗಿಲಿಗೆ ಕಟ್ಟಿ, ಮೇಲೆ ತೆಳು ಬಟ್ಟೆ ಹೊದಿಸಿ. ಒಂದು ಬದಿ ಗಾಳಿಗೆ ತೆರೆದಿರಲಿ. 4 ಮಿ.ಲೀ. ನಾರ್ಮಲ್ ಸಲೈನ್ (ಔಷಧಿ ಅಂಗಡಿಯ ಶುದ್ಧ ಉಪ್ಪುನೀರು), 10–15 ನಿಮಿಷ. ಬೇರೇನೂ ಬೇಡ. ಸಲೈನ್ ಗಟ್ಟಿ ಕೀವನ್ನು ನೆನೆಸಿ ಸಡಿಲಿಸುತ್ತದೆ. ಮೊಲದ ಕೀವು ಟೂತ್‌ಪೇಸ್ಟಿನಷ್ಟು ಗಟ್ಟಿ, ತಾನಾಗಿ ಹರಿಯುವುದಿಲ್ಲ. ಮುಗಿದ ಹತ್ತು ನಿಮಿಷದಲ್ಲಿ ಸೀನು ಹೆಚ್ಚುತ್ತದೆ, ಹೆದರಬೇಡಿ, ಬೇಕಾದದ್ದೇ ಅದು. ಒದ್ದೆ ಹತ್ತಿಯಿಂದ ಒರೆಸುತ್ತಾ ಹೋಗಿ. ಯಂತ್ರದ ಬಟ್ಟಲನ್ನು ಪ್ರತಿ ಸಲ ಕುದಿಸಿ ಆರಿಸಿದ ನೀರಲ್ಲಿ ತೊಳೆದು, ಬೋರಲು ಹಾಕಿ ಒಣಗಿಸದಿದ್ದರೆ ಅದರೊಳಗೇ ಬ್ಯಾಕ್ಟೀರಿಯಾ ಬೆಳೆದು ಮುಂದಿನ ಸಲ ನೇರ ಮೂಗಿಗೆ ಹೋಗುತ್ತದೆ.

ಬಲಗಣ್ಣಿನ ನಾಳ ತೊಳೆದದ್ದು ಚಿಕಿತ್ಸಾಲಯದಲ್ಲಿ. ಮೊಲಕ್ಕೆ ಕಣ್ಣೀರು ಇಳಿಯುವ ರಂಧ್ರ ಒಂದೇ, ಕೆಳರೆಪ್ಪೆಯ ಒಳಮೂಲೆಯಲ್ಲಿ. ಮರಗಟ್ಟಿಸುವ ಹನಿ ಹಾಕಿ, ರೆಪ್ಪೆಯನ್ನು ಹೊರಕ್ಕೆ ಮಡಚಿ, ಸೂಜಿ ತೆಗೆದ 24 ಗೇಜಿನ ಕ್ಯಾನ್ಯುಲಾದ ಪ್ಲಾಸ್ಟಿಕ್ ಕೊಳವೆಯನ್ನು ಒಳಗಿಟ್ಟು ಸಲೈನನ್ನು ಮೆಲ್ಲಗೆ ತಳ್ಳಲಾಯಿತು. ಮೊದಲ 1 ಮಿ.ಲೀ. ಮುಂದೆ ಸರಿಯಲಿಲ್ಲ, ಕಣ್ಣಿಂದಲೇ ವಾಪಸು ಬಂತು. ಬಲವಂತ ಮಾಡಿದರೆ ನಾಳ ಒಡೆದು ಕಣ್ಣು ಉಬ್ಬುತ್ತದೆ. ತುಸು ತಡೆದು ಮತ್ತೆ ಒತ್ತಿದಾಗ ಬಲ ಹೊಳ್ಳೆಯಿಂದ ಅಕ್ಕಿಕಾಳು ಗಾತ್ರದ ಬಿಳಿ ಕೀವಿನ ಬೆಣೆ ಹೊರಬಿತ್ತು, ಹಿಂದೆಯೇ ತಿಳಿನೀರು. ವಾರದ ಅಂತರದಲ್ಲಿ ಇನ್ನೆರಡು ಸಲ ತೊಳೆದರು.

ಉಸಿರಾಟ ಬೇಗ ಸರಾಗವಾಗಲಿ ಎಂದು ಸ್ಟಿರಾಯ್ಡ್ ಕೊಡಿಸುವ ಯೋಚನೆ ಯಾರಾದರೂ ತಂದರೆ ಒಪ್ಪಬೇಡಿ. ಮೊಲದ ರೋಗನಿರೋಧಕ ಶಕ್ತಿ ಸ್ಟಿರಾಯ್ಡ್‌ಗೆ ಬೇಗ ಕುಸಿಯುತ್ತದೆ, ಅಡಗಿದ್ದ ಪಾಶ್ಚರೆಲ್ಲಾ ಹರಡಲು ಅದೇ ಬಾಗಿಲು.

ಆರನೇ ದಿನದ ಗಂಡಾಂತರ

ಮೂಗಿನ ಕಡೆ ಎಲ್ಲರ ಕಣ್ಣಿದ್ದಾಗ ಏಟು ಹೊಟ್ಟೆಗೆ ಬಿತ್ತು. ಆರನೇ ದಿನ ಬೆಳಗ್ಗೆ ಟ್ರೇಯಲ್ಲಿ ಹಿಕ್ಕೆ ಹದಿನೈದಿಪ್ಪತ್ತೇ ಇದ್ದವು, ಅವೂ ಮೆಣಸಿನ ಕಾಳಿನಷ್ಟು ಸಣ್ಣ. ಕೊತ್ತಂಬರಿ ಸೊಪ್ಪು ಮುಟ್ಟಿರಲಿಲ್ಲ. ಮೂಗು ಕಟ್ಟಿದ ಮೊಲಕ್ಕೆ ವಾಸನೆ ಇಲ್ಲ, ವಾಸನೆ ಇಲ್ಲದಿದ್ದರೆ ಹಸಿವಿಲ್ಲ. ನಾರು ಒಳಗೆ ಹೋಗದಿದ್ದರೆ ಕರುಳು ನಿಧಾನವಾಗುತ್ತದೆ, ಗ್ಯಾಸು ತುಂಬುತ್ತದೆ, ನೋವಿಗೆ ಇನ್ನಷ್ಟು ತಿನ್ನುವುದಿಲ್ಲ. ಶೀತ ಹಿಡಿದ ಮೊಲಗಳು ಸಾಯುವುದು ಹಲವು ಸಲ ಹೀಗೆ. 10–12 ಗಂಟೆ ಏನೂ ತಿನ್ನದ ಮೊಲವನ್ನು ‘ನಾಳೆ ನೋಡೋಣ’ ಎನ್ನುವಂತಿಲ್ಲ.

ಚರ್ಮದಡಿ 80 ಮಿ.ಲೀ. ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರಾವಣ, ಕೈಬೆಚ್ಚಗೆ ಮಾಡಿ. ಮೆಲಾಕ್ಸಿಕ್ಯಾಮ್ 0.8 ಮಿ.ಗ್ರಾಂ. ಮನೆಯಲ್ಲಿ ಸಿರಿಂಜ್ ಊಟ: ಮೊಲದ ಪೆಲೆಟ್ಟನ್ನು ಬಿಸಿನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ನೀರುದೋಸೆ ಹಿಟ್ಟಿಗಿಂತ ಒಂಚೂರು ಗಟ್ಟಿ ಹದ. 16–20 ಮಿ.ಲೀ. ಒಂದು ಹೊತ್ತಿಗೆ, ದಿನಕ್ಕೆ ನಾಲ್ಕು ಹೊತ್ತು. ಪ್ರತಿ ಹೊತ್ತಿನ ಮುಂಚೆ ಮೂಗು ಒರೆಸಿ. ಮೊಲ ಬಾಯಿಂದ ಉಸಿರಾಡುವ ಪ್ರಾಣಿಯಲ್ಲ. ಮೂಗು ಕಟ್ಟಿದ್ದಾಗ ಬಾಯಿಗೂ ತುರುಕಿದರೆ ಉಸಿರು ಸಿಕ್ಕಿಕೊಳ್ಳುತ್ತದೆ. ಘಮವಿರುವ ಸೊಪ್ಪು, ಅಂದರೆ ಪುದಿನ, ಸಬ್ಬಸಿಗೆ, ಮುಂದೆ ಇಟ್ಟೇ ಇರಬೇಕು. ಮರುದಿನ ಸಂಜೆ ಸಬ್ಬಸಿಗೆ ತಾನಾಗಿ ತಿಂದಿತು. ಮೂರನೇ ದಿನಕ್ಕೆ ಹಿಕ್ಕೆ ಕಡಲೆಕಾಳಿನ ಗಾತ್ರಕ್ಕೆ ಬಂತು.

ಆ ದಿನದಿಂದ ಗೋಡೆಗೊಂದು ಹಾಳೆ ಅಂಟಿಸಿದರು: ಬೆಳಗ್ಗಿನ ತೂಕ (ಅಡುಗೆಮನೆಯ ತಕ್ಕಡಿ, ಗ್ರಾಂನಲ್ಲಿ), ಹಿಕ್ಕೆಯ ಗಾತ್ರ, ಮಲಗಿದ್ದಾಗ ಉಸಿರು. ಉಸಿರನ್ನು ಪಕ್ಕೆ ನೋಡಿ ಎಣಿಸಬೇಕು, ಮೂಗು ನೋಡಿ ಅಲ್ಲ. ಮೂಗು ಮಿಡಿಯುವುದಕ್ಕೂ ಉಸಿರಿಗೂ ತಾಳ ಬೇರೆ. ಕತ್ತು ಮೇಲಕ್ಕೆ ಚಾಚಿ ಬಾಯಿ ತೆರೆದು ಉಸಿರಾಡಿದರೆ, ತುಟಿ ನೀಲಿಗಟ್ಟಿದರೆ, ಮೈಬಿಸಿ 38ಕ್ಕಿಂತ ಕೆಳಗಿಳಿದರೆ ಆ ಗಳಿಗೆಯಲ್ಲೇ ಹೊರಡಬೇಕು. ತಲೆ ಒಂದು ಬದಿಗೆ ವಾಲಿದರೂ ಅಷ್ಟೇ, ಸೋಂಕು ಮೂಗಿನ ಹಿಂದಿನ ನಾಳ ಹಿಡಿದು ಕಿವಿಯೊಳಗೆ ಹೋಗಿರಬಹುದು.

ನಾಲ್ಕು ವಾರದ ಕೊನೆಗೆ ತೂಕ 1.74 ಕಿಲೋ, ಮಲಗಿದ್ದಾಗ ಉಸಿರು 44, ಮುಂಗಾಲಿನ ಕೂದಲು ಹೊಸದಾಗಿ ಬೆಳೆದು ಮೆತ್ತಗೆ. ಮೂಗು ಒಣಗಿದ್ದು ಹದಿನೇಳನೇ ದಿನವೇ. ಈ ಸಲ ಮಾತ್ರ ಯಾರೂ ನಿಲ್ಲಿಸುವ ಮಾತೆತ್ತಲಿಲ್ಲ. ಬಲಗಣ್ಣು ಈಗಲೂ ಆಗಾಗ ಒದ್ದೆಯಾಗುತ್ತದೆ. ನಾಳದ ಒಳಗೋಡೆ ಒಮ್ಮೆ ಗಾಯವಾದರೆ ಪೂರ್ತಿ ಮೊದಲಿನಂತಾಗುವುದಿಲ್ಲ, ಮೂರು ತಿಂಗಳಿಗೊಮ್ಮೆ ತೊಳೆಸುವುದೆಂದು ನಿಂತಿದೆ. ಪಾಶ್ಚರೆಲ್ಲಾ ಮೂಗಿನಲ್ಲಿ ಇದ್ದೇ ಇರುತ್ತದೆಂದು ಲೆಕ್ಕ ಇಟ್ಟುಕೊಂಡೇ ಮುಂದಿನದು. ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಎರಡು ತಿಂಗಳು ಮುಂದೂಡಲಾಯಿತು, ಅರಿವಳಿಕೆಗೆ ಮೂಗು ತೆರವಾಗಿರಬೇಕು.

ಒಂಟಿಯಾಗಿ ಬೇಸರವಾಗುತ್ತದೆಂದು ಇನ್ನೊಂದು ಮೊಲ ತರಲೇ ಎಂದು ಮನೆಯವರು ಕೇಳಿದ್ದಾರೆ. ತರಬಹುದು, ಆದರೆ ಹೊಸದನ್ನು ನಾಲ್ಕು ವಾರ ಬೇರೆ ಕೋಣೆಯಲ್ಲಿಟ್ಟು, ಅದರ ಮುಂಗಾಲಿನ ಒಳಬದಿಯನ್ನು ದಿನವೂ ನೋಡಿದ ಮೇಲೆ. ಗಿನಿಪಿಗ್ ಮಾತ್ರ ಬೇಡ. ಮೊಲದ ಮೂಗಿನಲ್ಲಿ ತೆಪ್ಪಗಿರುವ ಬೋರ್ಡೆಟೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಗಿನಿಪಿಗ್‌ಗೆ ನ್ಯುಮೋನಿಯಾ ತಂದು ಕೊಲ್ಲುತ್ತದೆ.